ಗುಜರಿ ಸೀಸ ಕರಗಿಸಿ ಗಾಳದ ಗುಂಡು ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ?

ಗಾಳಗಾರ_ಉಳ್ಳಾಲ
ಎಲ್ಲರಿಗೂ ನಮಸ್ಕಾರ. ನೇತ್ರಾವತಿ ಅಳಿವೆ ಬಾಗಿಲ ಹತ್ತಿರ ಗಾಳ ಹಾಕುವುದು ನನ್ನ ಹವ್ಯಾಸ. ಅಲ್ಲಿ ಕಲ್ಲಿನ ಸಂದಿಗೆ ಸಿಕ್ಕಿ ಸೀಸದ ಗುಂಡು ಹೋಗುತ್ತಲೇ ಇರುತ್ತದೆ. ಪ್ರತಿ ಸಲ ಅಂಗಡಿಯಿಂದ ತರುವ ಬದಲು ನಾನೇ ಎರಕ ಹೊಯ್ಯಬೇಕು ಅಂತ ಆಸೆ. ಪಂಕ್ಚರ್ ಅಂಗಡಿಯವರು ಚಕ್ರಕ್ಕೆ ಬಡಿಯುವ ಹಳೆ ಬ್ಯಾಲೆನ್ಸಿಂಗ್ ತುಂಡುಗಳನ್ನು ಒಂದು ಡಬ್ಬ ಕೊಟ್ಟಿದ್ದಾರೆ. ಟಿವಿ ರಿಪೇರಿಯವರ ಹತ್ತಿರ ತಂತಿ ಬೆಸೆಯುವ ಸೋಲ್ಡರ್ ಚೂರುಗಳೂ ಸಿಕ್ಕಿವೆ.

ಕೇಳಬೇಕಾದದ್ದು ಇಷ್ಟು. ಇದರಲ್ಲಿ ಯಾವುದು ಸೀಸ, ಯಾವುದು ತವರ ಅಂತ ಗೊತ್ತು ಮಾಡುವುದು ಹೇಗೆ? ಹಿತ್ತಲಲ್ಲಿ ಸೌದೆ ಒಲೆ ಉಂಟು, ಸಾಕಾ? ಯಾವ ಪಾತ್ರೆ ಬೇಕು? ಮತ್ತೆ, ಅಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಬೇಕು ಅನ್ನುತ್ತಿದ್ದಾರೆ. ಸೋಲ್ಡರಲ್ಲಿ ತವರ ಇರುತ್ತದಲ್ವಾ, ಅದನ್ನೇ ಕಲಾಯಿಗೆ ಕೊಡಬಹುದಾ?

ಪಾತ್ರೆಪಗಡಿ_ಕಾರ್ಕಳ
ಕಲಾಯಿಗೆ ಸೋಲ್ಡರ್ ಬೇಡ. ಬೇಡವೇ ಬೇಡ. ಉಳಿದದ್ದೆಲ್ಲ ಆಮೇಲೆ ಮಾತಾಡೋಣ.

ಬಂದರ್_ಗುಜರಿ
ಡಬ್ಬದಲ್ಲಿರುವುದೆಲ್ಲ ಸೀಸ ಅಂತ ತಿಳಿಯಬೇಡಿ. ಈಗ ಬರುವ ಬ್ಯಾಲೆನ್ಸಿಂಗ್ ತುಂಡುಗಳಲ್ಲಿ ಸತುವಿನವು, ಕಬ್ಬಿಣದವು ಬಹಳ. ಯುರೋಪಿನಲ್ಲಿ 2005ರಿಂದ ಹೊಸ ಕಾರುಗಳಿಗೆ ಸೀಸದ್ದು ಹಾಕುವ ಹಾಗಿಲ್ಲ. ಆ ಬದಲಾವಣೆ ನಮ್ಮ ಗುಜರಿಗೂ ಬಂದು ಮುಟ್ಟಿದೆ.

ಮೊದಲು ಆಯಸ್ಕಾಂತ ಹಿಡಿಯಿರಿ, ಕಬ್ಬಿಣ ಅಂಟಿಕೊಳ್ಳುತ್ತದೆ. ಆದರೆ ಸೀಸದ ತುಂಡಿಗೂ ಕಬ್ಬಿಣದ ಕ್ಲಿಪ್ ಇರುತ್ತದೆ, ಕ್ಲಿಪ್ ಬಿಟ್ಟು ಮೈಗೆ ಹಿಡಿಯಿರಿ. ಮೇಲೆ ಅಕ್ಷರ ಇದ್ದರೆ ನೋಡಿ. ಝಡ್‌ಎನ್ ಅಂದರೆ ಸತು, ಎಫ್‌ಇ ಅಂದರೆ ಕಬ್ಬಿಣ. ಉಳಿದದ್ದಕ್ಕೆ ಕಟಿಂಗ್ ಪ್ಲೇಯರ್ ಸಾಕು. ಸೀಸ ಮೆತ್ತಗೆ ಕಚ್ಚಿಸಿಕೊಳ್ಳುತ್ತದೆ. ಸತುವಿನ ಮೇಲೆ ಪ್ಲೇಯರ್ ಜಾರುತ್ತದೆ.

ಮಲ್ಪೆ_ಬಲೆಮನೆ
ಸತು ಸೇರಿದರೆ ಎರಕ ಕೆಟ್ಟಿತು ಅಂತಲೇ ಲೆಕ್ಕ. ಗಂಜಿಯ ಹಾಗೆ ಗಟ್ಟಿಯಾಗಿ ಅಚ್ಚಿನ ಮೂಲೆಗೆ ಇಳಿಯುವುದೇ ಇಲ್ಲ. ಬೆಂಕಿ ಹದದಲ್ಲಿಟ್ಟರೆ ತಪ್ಪಿಸಬಹುದು. ಸೀಸ ಕರಗುವುದು 327 ಡಿಗ್ರಿಗೆ, ಸತು ಸುಮಾರು 420ಕ್ಕೆ. 350ರಿಂದ 380ರೊಳಗೆ ಇಟ್ಟರೆ ಕಣ್ಣು ತಪ್ಪಿ ಬಿದ್ದ ಸತು ಹಾಗೇ ಮೇಲೆ ತೇಲುತ್ತದೆ. ಕ್ಲಿಪ್ಪುಗಳೂ ತೇಲುತ್ತವೆ. ತೂತಿನ ಸೌಟಿನಲ್ಲಿ ತೆಗೆದುಬಿಡಿ.

ಅದಕ್ಕೇ ಸೌದೆ ಒಲೆ ಬೇಡ ಅನ್ನುವುದು. ಒಂದು ಸಲ ಗಾಳಿ ಬೀಸಿದರೆ ಉರಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಗ್ಯಾಸಿನ ಬರ್ನರ್ ಇದ್ದರೆ ಒಳ್ಳೆಯದು. ಬಿಸಿ ಅಳೆಯುವ ಥರ್ಮಾಮೀಟರಿಗೆ ಖರ್ಚು ಮಾಡಿ, ದಂಡವಲ್ಲ.

ತೆಂಗಿನತೋಟ
ಇಷ್ಟೆಲ್ಲ ಬೇಕಾ ಮಾರಾಯ್ರೆ? ನಮ್ಮ ಅಜ್ಜ ಮಳೆಗಾಲದಲ್ಲಿ ಚಾವಡಿಯಲ್ಲೇ ಕೂತು ಸೀಸ ಕರಗಿಸಿ ಬೀಸುಬಲೆಗೆ ಗುಂಡು ಹಾಕುತ್ತಿದ್ದರು. ಥರ್ಮಾಮೀಟರ್ ಇಲ್ಲ, ಗ್ಲೌಸ್ ಇಲ್ಲ. ಎಂಬತ್ತು ದಾಟಿ ಬದುಕಿದರು.

ರಕ್ತಪರೀಕ್ಷೆ_ಮಣಿಪಾಲ
ಅಜ್ಜ ಬದುಕಿದರು, ಸಂತೋಷ. ಆಗ ಚಾವಡಿಯಲ್ಲಿ ಆಡುತ್ತಿದ್ದ ಮಕ್ಕಳ ರಕ್ತ ಯಾರಾದರೂ ನೋಡಿದ್ದರಾ? ಸೀಸದಿಂದ ಹೆಚ್ಚು ಪೆಟ್ಟು ಬೀಳುವುದು ಮಕ್ಕಳಿಗೆ. ಒಂದೇ ಪ್ರಮಾಣ ಹೊಟ್ಟೆಗೆ ಹೋದರೂ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಮೆದುಳಿನ ಬೆಳವಣಿಗೆಗೆ ತೊಂದರೆ, ಕಲಿಕೆ ಹಿಂದೆ ಬೀಳುತ್ತದೆ. ಹೊರಗಿಂದ ನೋಡಿದರೆ ಏನೂ ಕಾಣುವುದಿಲ್ಲ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದಲ್ಲಿ ಮಕ್ಕಳ ರಕ್ತದಲ್ಲಿ ಎಚ್ಚರಿಕೆ ವಹಿಸಬೇಕಾದ ಮಟ್ಟವನ್ನು 2021ರಲ್ಲಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಮಿಗೆ ಇಳಿಸಿದರು.

ದೊಡ್ಡವರಲ್ಲಿ ಹೊಟ್ಟೆನೋವು, ಮಲಬದ್ಧತೆ, ಸುಸ್ತು, ತಲೆನೋವು, ಬಿಪಿ. ಇದನ್ನು ಯಾರೂ ಸೀಸಕ್ಕೆ ಜೋಡಿಸುವುದಿಲ್ಲ, ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಾರೆ. ರಕ್ತದಲ್ಲಿದ್ದದ್ದು ಒಂದೆರಡು ತಿಂಗಳಲ್ಲಿ ಇಳಿಯುತ್ತದೆ, ನಿಜ. ಮೂಳೆಗೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಕೂರುತ್ತದೆ. ಗರ್ಭಿಣಿಯಾದಾಗ ಅದು ಮೂಳೆಯಿಂದ ಹೊರಟು ಮಗುವಿಗೂ ಹೋಗುತ್ತದೆ.

ಹವ್ಯಾಸ ಬಿಡಿ ಅಂತ ನಾನು ಹೇಳುವುದಿಲ್ಲ. ಚಾವಡಿಯಲ್ಲಿ ಮಾತ್ರ ಬೇಡ.

ತೆಂಗಿನತೋಟ
ಮಕ್ಕಳ ಮಾತು ಒಪ್ಪಿದೆ ಅಕ್ಕ. ಆದರೆ ಹೊಗೆ ಕುಡಿದರೆ ತಾನೇ ತೊಂದರೆ? ಬಯಲಲ್ಲಿ ಮಾಡಿದರೆ ಮುಗಿಯಿತಲ್ಲ.

ಕಾಲೇಜ್_ಕೆಮಿಸ್ಟ್ರಿ
ಮುಗಿಯುವುದಿಲ್ಲ. ಸೀಸ ಕುದಿಯುವುದು 1,749 ಡಿಗ್ರಿಗೆ. 350ರಲ್ಲಿ ಆವಿ ಬಹಳ ಕಡಿಮೆ. 500 ದಾಟಿದರೆ ಆವಿಯ ಚಿಂತೆ ಶುರು, ಹಾಗಾಗಿಯೂ ಬಿಸಿ ಹದದಲ್ಲಿರಬೇಕು. ಹವ್ಯಾಸಿಗಳಿಗೆ ನಿಜವಾದ ಅಪಾಯ ಧೂಳಿನದ್ದು. ಕರಗಿದ ಸೀಸದ ಮೇಲೆ ಬೂದಿ ಬಣ್ಣದ ಕಿಟ್ಟ ಕಟ್ಟುತ್ತದಲ್ಲ, ಅದು ಆಕ್ಸೈಡ್. ಒಣಗಿದ ಹಿಟ್ಟಿನಂತೆ ಹಾರುತ್ತದೆ. ಕೈಗೆ, ಅಂಗಿಗೆ, ಬೀಡಿಗೆ, ಆಮೇಲೆ ಬಾಯಿಗೆ. ಬಯಲಲ್ಲಿ ಮಾಡಿ, ಗಾಳಿ ನಿಮ್ಮ ಬೆನ್ನಿನಿಂದ ಓರೆಯಾಗಿ ಬರುವ ಹಾಗೆ ನಿಲ್ಲಿ. ಕೆಲಸ ಮುಗಿಯುವ ತನಕ ಚಹಾ, ಬೀಡಿ, ಎಲೆಅಡಿಕೆ ಏನೂ ಬೇಡ. ಆ ಬಟ್ಟೆ ಬೇರೆಯೇ ಇಡಿ, ಮನೆಮಂದಿಯ ಬಟ್ಟೆ ಜೊತೆ ಒಗೆಯಬೇಡಿ.

ಕಿಟ್ಟ ತೆಂಗಿನ ಬುಡಕ್ಕೆ ಸುರಿಯುವವರನ್ನು ನೋಡಿದ್ದೇನೆ. ನಮ್ಮೂರಲ್ಲಿ ಹತ್ತು ಹೆಜ್ಜೆಗೊಂದು ಬಾವಿ. ಮಣ್ಣಿಗೆ ಬಿದ್ದ ಸೀಸ ಎಲ್ಲೂ ಹೋಗುವುದಿಲ್ಲ, ಅಲ್ಲೇ ಕೂತು ಬಸಳೆ ಬುಡಕ್ಕೆ, ಕೋಳಿಯ ಕಾಲಿಗೆ, ಮಕ್ಕಳ ಉಗುರಿಗೆ ಬರುತ್ತದೆ. ಮುಚ್ಚಳ ಇರುವ ಡಬ್ಬದಲ್ಲಿ ಹಾಕಿಟ್ಟು ಸೀಸ ತಗೊಳ್ಳುವ ಗುಜರಿಗೇ ಕೊಡಿ. ಅದರಲ್ಲೂ ಸೀಸ ಇರುವುದರಿಂದ ತಗೊಳ್ಳುತ್ತಾರೆ.

ಬಂದರ್_ಗುಜರಿ
ತಗೊಳ್ಳುತ್ತೇವೆ. ಡಬ್ಬದ ಮೇಲೆ ಏನು ಅಂತ ಬರೆದು ತನ್ನಿ.

ಹೊಸಬ_ಪಡುಬಿದ್ರಿ
ನಾನು ಬಿಸ್ಕತ್ತಿನ ಟಿನ್, ಹಾಲಿನಪುಡಿ ಟಿನ್ ಎಲ್ಲ ಕೂಡಿಡುತ್ತಿದ್ದೇನೆ. ತವರ ತೆಗೆಯಲಿಕ್ಕೆ. ಎಷ್ಟು ಸಿಗಬಹುದು?

ಕಾಲೇಜ್_ಕೆಮಿಸ್ಟ್ರಿ
ಏನೂ ಸಿಗುವುದಿಲ್ಲ ತಮ್ಮ. ಆ ಡಬ್ಬ ಉಕ್ಕಿನದ್ದು, ಮೇಲೆ ತವರದ ಲೇಪ ಮಾತ್ರ, ಕೂದಲಿಗಿಂತ ಎಷ್ಟೋ ತೆಳು. ತಂಪು ಪಾನೀಯದ ಕ್ಯಾನ್ ಅಲ್ಯೂಮಿನಿಯಂ. ತವರ ಬೇಕಾದರೆ ಸೋಲ್ಡರ್ ಹುಡುಕು. ಹಳೆ ರೇಡಿಯೋ ಟಿವಿ ಕಾಲದ 60-40 ಸೋಲ್ಡರಲ್ಲಿ ನೂರಕ್ಕೆ 60 ಭಾಗ ತವರ, 40 ಸೀಸ. ಸೀಸವಿಲ್ಲದ ಹೊಸ ಸೋಲ್ಡರಲ್ಲಿ ಹೆಚ್ಚುಕಡಿಮೆ ಎಲ್ಲವೂ ತವರ, ಸ್ವಲ್ಪ ತಾಮ್ರ, ಕೆಲವದರಲ್ಲಿ ಬೆಳ್ಳಿ.

ಗಾಳಗಾರ_ಉಳ್ಳಾಲ
ಇದನ್ನೇ ಕೇಳಬೇಕು ಅಂತಿದ್ದೆ. ಕೈಗೆ ಒಂದು ತುಂಡು ಸಿಕ್ಕಿದರೆ ಸೀಸವಾ, ತವರವಾ, ಬೆರಕೆಯಾ ಅಂತ ಮನೆಯಲ್ಲೇ ತಿಳಿಯುವ ದಾರಿ ಉಂಟಾ?

ಎಲೆಕ್ಟ್ರಾನಿಕ್ಸ್_ಕದ್ರಿ
ಉಂಟು. ಕಾಗದದ ಮೇಲೆ ಗೀಚಿ. ಸೀಸ ಬೂದಿ ಗೆರೆ ಬಿಡುತ್ತದೆ, ತವರ ಅಷ್ಟು ಬಿಡುವುದಿಲ್ಲ. ಕಡ್ಡಿಯ ಹಾಗಿದ್ದರೆ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ತವರ ಕರಕರ ಅಂತ ಸದ್ದು ಮಾಡುತ್ತದೆ, ಒಳಗಿನ ಹರಳುಗಳು ಜರಗುವ ಸದ್ದು ಅದು. ಸೀಸ ಸುಮ್ನೆ ಬಗ್ಗುತ್ತದೆ. ಕರಗುವ ಬಿಸಿಯೂ ಬೇರೆ: ತವರ 232 ಡಿಗ್ರಿ, 60-40 ಸೋಲ್ಡರ್ 183ಕ್ಕೇ ಮೆತ್ತಗಾಗಲು ಶುರು.

ಸರಿಯಾಗಿ ತಿಳಿಯಬೇಕಾದರೆ ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ತುಂಡನ್ನು ದಾರಕ್ಕೆ ಕಟ್ಟಿ ತಳ ಮುಟ್ಟದ ಹಾಗೆ ನೀರಲ್ಲಿ ಮುಳುಗಿಸಿ. ಆಗ ತೋರಿಸುವ ಗ್ರಾಂ ಅಂದರೆ ತುಂಡಿನ ಗಾತ್ರ. ತುಂಡಿನ ತೂಕವನ್ನು ಅದರಿಂದ ಭಾಗಿಸಿ. 11.3 ಬಂದರೆ ಸೀಸ. 7.3 ಬಂದರೆ ತವರ. 8.5ರ ಆಸುಪಾಸು ಬಂದರೆ 60-40 ಸೋಲ್ಡರ್. ಸತು 7.1, ತವರಕ್ಕೆ ತೀರ ಹತ್ತಿರ, ಅಲ್ಲಿ ಮಾತ್ರ ಬಗ್ಗಿಸಿ, ಕತ್ತರಿಸಿ ನೋಡಬೇಕು.

ನಿಮ್ಮ ಸೋಲ್ಡರನ್ನು ಸೀಸಕ್ಕೆ ಸುರಿಯಬೇಡಿ. ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಜಾಸ್ತಿ. ಕಲ್ಲಿನ ಸಂದಿಯಲ್ಲಿ ಕಳೆದುಹೋಗುವ ಗುಂಡಿಗೆ ತವರ ಯಾಕೆ?

ಪಾತ್ರೆಪಗಡಿ_ಕಾರ್ಕಳ
ಈಗ ಕಲಾಯಿ ವಿಷಯ. ಮೇಲೆ ಒಂದೇ ಸಾಲಲ್ಲಿ ಗದರಿದ ಹಾಗಾಯಿತು, ವಿವರವಾಗಿ ಹೇಳುತ್ತೇನೆ. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದೇ ಹುಳಿ ಲೋಹಕ್ಕೆ ತಾಗಬಾರದು ಅಂತ. ನಮ್ಮ ಅಡುಗೆ ನೋಡಿ. ಹುಣಸೆ, ಪುನರ್ಪುಳಿ, ಮಜ್ಜಿಗೆ, ಬಿಂಬುಳಿ. ಎಲ್ಲವೂ ಹುಳಿ. ಸೋಲ್ಡರಿನ ಕಲಾಯಿ ಹಾಕಿದರೆ ಆ ಹುಳಿಗೆ ನೇರವಾಗಿ ಸೀಸ ಬಡಿಸಿದ ಹಾಗೆ. ತಾಮ್ರದಿಂದ ತಪ್ಪಿಸಿಕೊಳ್ಳಲು ಹೋಗಿ ಸೀಸ ತಿನ್ನುವುದು ಯಾವ ನ್ಯಾಯ?

ಸರಿಯಾದ ಕಲಾಯಿ ಅಂದರೆ ಹೀಗೆ. ಪಾತ್ರೆಯನ್ನು ಉಜ್ಜಿ ಹಳೆಯದೆಲ್ಲ ತೆಗೆಯಬೇಕು. ಇದ್ದಿಲ ಬೆಂಕಿಗೆ ತಿದಿ ಒತ್ತಿ ಪಾತ್ರೆ ಕಾಯಿಸಬೇಕು. ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತದೆ, ಲೋಹದ ಮೈ ಸ್ವಚ್ಛವಾಗುತ್ತದೆ. ಆಗ ತವರದ ಕಡ್ಡಿ ಮುಟ್ಟಿಸಿದರೆ ನೀರಾಗುತ್ತದೆ. ಹತ್ತಿಯಲ್ಲಿ ಸರಸರ ಒರೆಸಿ ಎಲ್ಲ ಕಡೆ ಹರಡಬೇಕು. ಆ ಕೈಚಳಕ ವರ್ಷಗಟ್ಟಲೆ ಮಾಡಿದವರದ್ದು. ತವರ ನೀವೇ ಕೊಡುವುದಾದರೆ ಅಡುಗೆ ಪಾತ್ರೆಗೆ ಅಂತ ಹೇಳಿ ಶುದ್ಧ ತವರವನ್ನೇ ಕೊಂಡು ಕೊಡಿ. ಗುಜರಿಯಿಂದ ಆಯ್ದ ಯಾವ ತವರವೂ ಬೇಡ, ತಕ್ಕಡಿ ಏನೇ ಹೇಳಲಿ.

ಎಲೆಕ್ಟ್ರಾನಿಕ್ಸ್_ಕದ್ರಿ
ಒಪ್ಪಿದೆ. ನೂರಕ್ಕೆ ಎರಡು ಮೂರು ಭಾಗ ಸೀಸ ಇದ್ದರೆ ಆ ತಕ್ಕಡಿಯಲ್ಲಿ ಗೊತ್ತೇ ಆಗುವುದಿಲ್ಲ. ಗಾಳಕ್ಕೆ ಸಾಕು, ಅಡುಗೆಗೆ ಸಾಲದು.

ಸಾರು_ಪ್ರಿಯೆ
ನಮ್ಮ ಪಕ್ಕದ ಮನೆಯ ತಮಿಳು ಮಾಮಿ ಸಾರು ಮಾಡುವುದು ಶುದ್ಧ ತವರದ ಚೊಂಬಿನಲ್ಲಿ. ಸಾರು ಹಾಕದೆ ಖಾಲಿ ಚೊಂಬು ಒಲೆ ಮೇಲೆ ಇಟ್ಟರೆ ಕರಗಿಹೋಗುತ್ತದೆ ಅಂತ ಅವರು ಮೊದಲು ಸಾರು ಸುರಿದೇ ಬೆಂಕಿ ಹಚ್ಚುತ್ತಾರೆ. 232 ಡಿಗ್ರಿ ಅಂದಾಗ ಈಗ ಅರ್ಥವಾಯಿತು. ನೀರಿರುವ ತನಕ ನೂರರ ಹತ್ತಿರವೇ ನಿಲ್ಲುತ್ತದೆ.

ಪಾತ್ರೆಪಗಡಿ_ಕಾರ್ಕಳ
ಹೌದು. ಆ ಚೊಂಬು ಕೊಳ್ಳುವಾಗಲೂ ನಂಬಿಕೆಯ ಅಂಗಡಿ ಬೇಕು. ಸೀಸ ಬೆರೆಸಿ ಅಗ್ಗಕ್ಕೆ ಮಾರುವವರು ಇದ್ದಾರೆ.

ಕೋಟ_ಕುಂದಾಪ್ರ
ಹಳೆ ಕಾರಿನ ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ. ಸೀಸ ಜಾಸ್ತಿ ಇರುವುದು ಅದರಲ್ಲೇ ಅಲ್ವಾ? ನನ್ನ ಹತ್ತಿರ ಟ್ರ್ಯಾಕ್ಟರಿನ ಎರಡು ಬ್ಯಾಟರಿ ಉಂಟು.

ಕಾಲೇಜ್_ಕೆಮಿಸ್ಟ್ರಿ
ಮುಟ್ಟಬೇಡಿ. ಒಳಗೆ ಗಂಧಕಾಮ್ಲ. ತಟ್ಟೆಗಳಲ್ಲಿರುವುದು ಬಹುಪಾಲು ಸೀಸದ ಆಕ್ಸೈಡ್, ಸಲ್ಫೇಟ್. ಮನೆಯ ಬೆಂಕಿಗೆ ಅದು ಲೋಹವಾಗಿ ಕರಗುವುದಿಲ್ಲ, ವಿಷದ ಕಿಟ್ಟವಾಗಿ ಉಳಿಯುತ್ತದೆ. ಜಾಲರಿಯಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಆ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್, ಸ್ಟಿಬೀನ್ ಅನ್ನುವ ಅನಿಲ ಹೊರಡಬಹುದು. ಎರಡೂ ಪ್ರಾಣ ತೆಗೆಯುವಂಥವು. ನಮ್ಮ ತೇವದ ಹವೆಗೆ ಹೇಳಬೇಕಾ?

ಬಂದರ್_ಗುಜರಿ
2022ರ ಬ್ಯಾಟರಿ ತ್ಯಾಜ್ಯ ನಿಯಮ ಇದೆ, ಹಳೆ ಬ್ಯಾಟರಿ ನೋಂದಣಿಯಾದ ಮರುಬಳಕೆ ಘಟಕಕ್ಕೇ ಹೋಗಬೇಕು. ಹೊಸ ಬ್ಯಾಟರಿ ತಗೊಳ್ಳುವ ಅಂಗಡಿಯಲ್ಲಿ ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. ಒಡೆಯುವ ಲಾಭಕ್ಕಿಂತ ಅದೇ ಲಾಭ.

ಹೇಳುವಾಗ ಇನ್ನೂ ಒಂದು ಹೇಳುತ್ತೇನೆ. ಗುಜರಿಯಲ್ಲಿ ಭಾರದ ಸೀಸದ ಪಾತ್ರೆ, ದಪ್ಪ ಗೋಡೆಯ ಸಿಲಿಂಡರ್ ಥರ ಏನಾದರೂ ಕಂಡು, ಮೇಲೆ ವಿಕಿರಣದ ಮೂರು ಎಸಳಿನ ಗುರುತು ಇದ್ದರೆ ದೂರ ಸರಿಯಿರಿ, ಪೊಲೀಸರಿಗೆ ಹೇಳಿ. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಆದದ್ದು ಅದೇ. ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆ ಯಂತ್ರದೊಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ವಿಕಿರಣ ತಾಗಿತು, ಒಬ್ಬರು ತೀರಿಹೋದರು. ವಿಕಿರಣ ತಡೆಯಲಿಕ್ಕೆ ಸೀಸವನ್ನೇ ಬಳಸುವುದರಿಂದ ಸೀಸ ಹುಡುಕುವವರ ಕಣ್ಣಿಗೇ ಅದು ಮೊದಲು ಬೀಳುತ್ತದೆ.

ಹಾಗೇ ಟೆಲಿಫೋನ್ ಕೇಬಲಿನ ಸೀಸದ ಸಿಪ್ಪೆ. ಒಳ್ಳೆ ಮೆತ್ತನೆ ಸೀಸ, ನಿಜ. ಎಲ್ಲಿಂದ ಬಂತು ಅಂತ ಬಿಲ್ ಇಲ್ಲದಿದ್ದರೆ ಕೊಳ್ಳಬೇಡಿ. ಕದ್ದ ಮಾಲು ಇರಬಹುದು.

ಹಳೆಪ್ರೆಸ್_ಉಡುಪಿ
ಸೀಸದ ಮಾತು ಬಂದದ್ದರಿಂದ ನನ್ನದೊಂದು ಕೋರಿಕೆ. ಪುಸ್ತಕ, ಪತ್ರಿಕೆ ಅಚ್ಚು ಹಾಕುವ ಅಕ್ಷರದ ಮೊಳೆ ಸಿಕ್ಕಿದರೆ ಕರಗಿಸಬೇಡಿ. ಅಪ್ಪ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಆಫ್‌ಸೆಟ್ ಬಂದಮೇಲೆ ಪ್ರೆಸ್ಸುಗಳು ಮೊಳೆಗಳನ್ನು ಗೋಣಿಗಟ್ಟಲೆ ಗುಜರಿಗೆ ತೂಗಿ ಹಾಕಿದವು. ಒತ್ತಕ್ಷರ, ಕೊಂಬು, ದೀರ್ಘ, ಪ್ರತಿಯೊಂದಕ್ಕೂ ಬೇರೆ ಖಾನೆ. ಆ ಮೊಳೆ ಮತ್ತೆ ಯಾರೂ ಎರಕ ಹೊಯ್ಯುವುದಿಲ್ಲ.

ತೆಂಗಿನತೋಟ
ನಮ್ಮ ಮಂಗಳೂರಲ್ಲೇ ಅಲ್ವಾ ಕನ್ನಡದ ಮೊದಲ ಪತ್ರಿಕೆ ಮೊಳೆಯಲ್ಲಿ ಅಚ್ಚಾದದ್ದು, ಬಾಸೆಲ್ ಮಿಷನ್ನಿನಲ್ಲಿ?

ಹಳೆಪ್ರೆಸ್_ಉಡುಪಿ
ಪತ್ರಿಕೆ ಮಂಗಳೂರಿನದ್ದೇ, 1843ರ ಮಂಗಳೂರ ಸಮಾಚಾರ. ಮೊಳೆಯಲ್ಲಿ ಅಲ್ಲ, ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ. ಬಾಸೆಲ್ ಮಿಷನ್ ಪ್ರೆಸ್ 1841ರಲ್ಲಿ ಶುರುವಾದದ್ದೇ ಕಲ್ಲಚ್ಚಿನಿಂದ, ಮೊಳೆ ಆಮೇಲೆ ಬಂತು.

ಮಲ್ಪೆ_ಬಲೆಮನೆ
ಮೊಳೆಯ ಲೋಹ ಬಲೆಗೂ ಆಗುವುದಿಲ್ಲ. ಅದರಲ್ಲಿ ಆಂಟಿಮನಿ ಜಾಸ್ತಿ, ಗಟ್ಟಿ, ಬಡಿದರೆ ಸೀಳುತ್ತದೆ. ಬೀಸುಬಲೆಯ ಅಂಚಿಗೆ ಗುಂಡು ಕೂರಿಸುವಾಗ ಹಗ್ಗದ ಸುತ್ತ ಅದುಮಿ ಮುಚ್ಚಬೇಕು, ಅದಕ್ಕೆ ಮೆತ್ತನೆ ಸೀಸವೇ ಬೇಕು. ಬ್ಯಾಲೆನ್ಸಿಂಗ್ ತುಂಡಿನ ಸೀಸವೂ ಬಲೆಗೆ ಸ್ವಲ್ಪ ಗಟ್ಟಿ, ಗಾಳದ ಗುಂಡಿಗೆ ಒಳ್ಳೆಯದು.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ, ಆಗ ನಮ್ಮಲ್ಲಿ ಬಲೆ ರಿಪೇರಿಯ ಕಾಲ. ಗುಂಡು ಬದಲಿಸುವುದೂ ಆಗಲೇ. ಮಳೆಯೂ ಆಗಲೇ. ಹಾಗಾಗಿ ನೀರಿನ ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮ ಕೇರಿಯಲ್ಲಿ ಒಬ್ಬರು ಒದ್ದೆ ಅಚ್ಚಿಗೆ ಸೀಸ ಹೊಯ್ದು ಮುಖವೆಲ್ಲ ಸುಟ್ಟುಕೊಂಡರು. ಕಣ್ಣು ಉಳಿದದ್ದು ಕನ್ನಡಕ ಇದ್ದದ್ದರಿಂದ.

ಕಾಲೇಜ್_ಕೆಮಿಸ್ಟ್ರಿ
ನೀರು ಹಬೆಯಾದರೆ 1,600 ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಕರಗಿದ ಸೀಸದ ಮೇಲೆ ಒಂದು ಹನಿ ಬಿದ್ದರೆ ಚುರ್ ಅಂತ ಸಿಡಿದು ಹೋಗುತ್ತದೆ, ಅದೂ ಅಪಾಯವೇ. ಆದರೆ ಸೀಸದ ಕೆಳಗೆ ಸಿಕ್ಕಿಕೊಂಡ ತೇವ ಪಾತ್ರೆಯಲ್ಲಿದ್ದದ್ದನ್ನೆಲ್ಲ ಮೇಲಕ್ಕೆ ಎತ್ತಿ ಎಸೆಯುತ್ತದೆ. ತಣ್ಣಗಿನ ಸೀಸದ ತುಂಡನ್ನು ಕರಗಿದ ಸೀಸಕ್ಕೆ ನೇರವಾಗಿ ಹಾಕಬೇಡಿ. ಕಡಲ ತಡಿಯಲ್ಲಿ ಹೆಕ್ಕಿದ ಹಳೆ ಗುಂಡಿನ ತೂತಿನಲ್ಲಿ ಉಪ್ಪುನೀರು ಇರುತ್ತದೆ. ಮೊದಲು ತಣ್ಣಗಿನ ಪಾತ್ರೆಗೇ ಹಾಕಿ, ಜೊತೆಗೇ ಬಿಸಿಯಾಗಲಿ. ಆಮೇಲೆ ಸೇರಿಸುವುದನ್ನು ಒಲೆಯ ಪಕ್ಕ ಕಾಯಿಸಿ ಸೇರಿಸಿ.

ಗಾಳಗಾರ_ಉಳ್ಳಾಲ
ಹಿತ್ತಲಲ್ಲಿ ಕೆಂಪುಕಲ್ಲಿನ ಕಟ್ಟೆ ಉಂಟು. ಅದರಲ್ಲೇ ಗುಳಿ ಕೊರೆದು ಅಚ್ಚು ಮಾಡಿದರೆ?

ಮಲ್ಪೆ_ಬಲೆಮನೆ
ಬೇಡ ಬೇಡ. ಕೆಂಪುಕಲ್ಲು ನೀರು ಕುಡಿದೇ ಇರುತ್ತದೆ. ಸಿಮೆಂಟು ನೆಲದ ಮೇಲೂ ಚೆಲ್ಲಬಾರದು, ಚೂರು ಚೂರಾಗಿ ಸಿಡಿಯುತ್ತದೆ. ಕೆಳಗೆ ಒಣ ಮರಳು ಹಾಸಿ. ಅಚ್ಚಿಗೆ ಬಳಪದ ಕಲ್ಲು ಎಲ್ಲಕ್ಕಿಂತ ಒಳ್ಳೆಯದು, ಚಾಕುವಿನಲ್ಲೇ ಕೆತ್ತಬಹುದು, ಬಿಸಿ ತಡೆಯುತ್ತದೆ. ಹಳೆ ಮಂಗಳೂರು ಹಂಚಿನ ದಪ್ಪ ತುಂಡಿನಲ್ಲಿ ಗೆರೆ ಕೊರೆದರೂ ಆಗುತ್ತದೆ, ಹೊಯ್ಯುವ ಮೊದಲು ಕೈ ಇಡಲಾಗದಷ್ಟು ಕಾಯಿಸಿ ಒಣಗಿಸಬೇಕು.

ಪಾತ್ರೆ ಬೀಡಿನದ್ದು ಅಥವಾ ದಪ್ಪ ಉಕ್ಕಿನದ್ದು. ಅಲ್ಯೂಮಿನಿಯಂ ಬೇಡ, ಬಿಸಿಗೆ ಬಲ ಕಳೆದು ತಳ ಕಳಚುತ್ತದೆ. ಸತು ಲೇಪದ ಬಕೆಟ್ ಬೇಡ. ದೋಸೆಯ ಕಾವಲಿ ಎಷ್ಟು ಹಳೆಯದಿದ್ದರೂ ಅದನ್ನು ತರುವುದಾದರೆ ಮತ್ತೆ ಅಡುಗೆಮನೆಗೆ ಒಯ್ಯಬಾರದು. ಸೌಟಿಗೂ ಅದೇ ಮಾತು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗ್ಲೌಸ್, ಕಾಲು ಮುಚ್ಚುವ ಶೂ, ಹತ್ತಿ ಬಟ್ಟೆ. ಟೆರಿಲಿನ್ ಮೈಗೆ ಅಂಟಿಕೊಳ್ಳುತ್ತದೆ.

ಹಕ್ಕಿನೋಟ_ಸುರತ್ಕಲ್
ಇಷ್ಟು ಓದಿ ನನ್ನ ಮನಸ್ಸಲ್ಲಿರುವುದನ್ನು ಹೇಳುತ್ತೇನೆ. ಕಳೆದುಹೋಗುವ ಗುಂಡಿಗೆ ಸೀಸವೇ ಯಾಕೆ? ಇಂಗ್ಲೆಂಡಿನಲ್ಲಿ ಸಣ್ಣ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದವು, 1987ರಲ್ಲಿ 28 ಗ್ರಾಮಿನ ತನಕದ ಹೆಚ್ಚಿನ ಸೀಸದ ಗುಂಡುಗಳನ್ನು ನಿಷೇಧಿಸಿದರು. ನಮ್ಮ ಅಳಿವೆಯಲ್ಲೂ ಹಕ್ಕಿಗಳಿವೆ. ಹಳೆ ನಟ್ಟು, ಗ್ಯಾರೇಜಿನ ಸುಟ್ಟ ಸ್ಪಾರ್ಕ್ ಪ್ಲಗ್ ಕಟ್ಟಿ ಗಾಳ ಎಸೆಯುವವರು ಎಷ್ಟೋ ಮಂದಿ.

ಮಲ್ಪೆ_ಬಲೆಮನೆ
ಗಾಳಕ್ಕೆ ಸರಿ. ಬೀಸುಬಲೆಗೆ ಆಗುವುದಿಲ್ಲ. ಕಬ್ಬಿಣ ಹಗುರ, ಬಲೆ ನಿಧಾನ ಇಳಿಯುತ್ತದೆ, ಸಿಗಡಿ ಓಡಿಹೋಗುತ್ತದೆ. ತುಕ್ಕು ನೂಲನ್ನೂ ತಿನ್ನುತ್ತದೆ. ಆದರೆ ಬಲೆಯ ಗುಂಡು ಕಳೆದುಹೋಗುವುದೂ ಅಪರೂಪ.

ಗಾಳಗಾರ_ಉಳ್ಳಾಲ
ಕಲ್ಲಿರುವ ಜಾಗಕ್ಕೆ ಸ್ಪಾರ್ಕ್ ಪ್ಲಗ್, ಮರಳಲ್ಲಿ ಕಾಣೆ ಮೀನು ಹಿಡಿಯುವಾಗ ಮಾತ್ರ ಸೀಸ ಅಂತ ತೀರ್ಮಾನ ಮಾಡಿದ್ದೇನೆ. ಕಲಾಯಿಗೆ ತವರ ಬೇರೆಯೇ ಕೊಳ್ಳುತ್ತೇನೆ. ಅಮ್ಮನಿಗೆ ಈ ಚರ್ಚೆಯನ್ನು ಓದಿ ಹೇಳಿದೆ, ಅವರೂ ಅದನ್ನೇ ಅಂದರು. ಎರಕ ಮಳೆ ಪೂರ್ತಿ ನಿಂತ ಮೇಲೆ, ಬಳಪದ ಕಲ್ಲಿನ ಅಚ್ಚಿನಲ್ಲಿ. ಉಳಿದ ಸೋಲ್ಡರ್ ಚೂರು ಬಂದರಿಗೆ ತರಬಹುದಾ ಅಣ್ಣ?

ಬಂದರ್_ಗುಜರಿ
ತನ್ನಿ. ಹಳೆ ಸೋಲ್ಡರ್ ಒಂದು ಚೀಲ, ಸೀಸವಿಲ್ಲದ್ದು ಇದ್ದರೆ ಇನ್ನೊಂದು ಚೀಲ. ಎಲ್ಲ ಒಟ್ಟಿಗೆ ಕರಗಿಸಿ ಗಟ್ಟಿ ಮಾಡಿ ತಂದರೆ ಒಳಗೆ ಏನುಂಟು ಅಂತ ನಮಗೆ ಗೊತ್ತಾಗುವುದಿಲ್ಲ, ಸೀಸದ ರೇಟೇ ಸಿಗುವುದು.

ಹೊಸಬ_ಪಡುಬಿದ್ರಿ
ಬಿಸ್ಕತ್ತಿನ ಟಿನ್ನುಗಳನ್ನು ಏನು ಮಾಡಲಿ?

ಬಂದರ್_ಗುಜರಿ
ಕಬ್ಬಿಣದ ರೇಟಿಗೆ ತಗೊಳ್ಳುತ್ತೇನೆ. ತುಳಿದು ಚಪ್ಪಟೆ ಮಾಡಿ ತಾ.